ನೆರಳಿನ ಬಾಬ್ತು

ಮಧ್ಯಾಹ್ನ ಎರಡೂ ನಲವತ್ತಕ್ಕೆ
ಹೂವಮ್ಮನ ಹಲಸಿನ ನೆರಳು ಬೇಲಿ ದಾಟುತ್ತದೆ.
ಮೊದಲು ಬಟ್ಟೆ ಒಗೆಯುವ ಕಲ್ಲು,
ಆಮೇಲೆ ಬಚ್ಚಲಿನ ಹೆಂಚು,
ಆಮೇಲೆ, ಕೇಳಬೇಕೇ,
ನನ್ನ ನಾಲ್ಕು ಪ್ಯಾನೆಲ್ಲು.

ನಾನು ಪಶುಸಖಿ. ರಿಪ್ಪನ್‌ಪೇಟೆಯ ಈಚೆ ಹದಿನಾಲ್ಕು ಕೇರಿ.
ಯಾವ ಹಸು ಬೆದೆಗೆ ಬಂತು, ಯಾವುದರ ಕೆಚ್ಚಲು ಬಾತಿತು,
ಎಲ್ಲ ನನ್ನ ಡೈರಿಯಲ್ಲಿದೆ.
ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು.
ನಡುವೆ ದನಗಳು ಮೆಲುಕು ಹಾಕುವ ಹೊತ್ತಿಗೆ
ನನ್ನ ಸ್ಕೂಟರಿಗೂ ಮೇವು.
ಮೆಸ್ಕಾಂ ನೆಚ್ಚುವ ಹಾಗಿಲ್ಲ,
ಗಾಳಿಯ ಸುದ್ದಿ ಕೇಳಿದರೇ ಕರೆಂಟು ಹೋಗುತ್ತದೆ.

ಡೈರಿಯ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ:
ಆ ಮರ ದಿನಕ್ಕೆ ಹನ್ನೊಂದು ಕಿಲೋಮೀಟರ್ ತಿನ್ನುತ್ತದೆ.
ಹನ್ನೊಂದು ಅಂದರೆ ಬೆಳ್ಳೂರಿನವರೆಗಿನ ದಾರಿ.
ಅಂದರೆ ಮೊನ್ನೆ ನಾನು ಮುಟ್ಟಲಾಗದ
ಶೇಷಪ್ಪನವರ ಎಮ್ಮೆಕರು.

ಅವಳು ಅಂಗೈಗೆ ಎಣ್ಣೆ ಸವರಿಕೊಂಡು
ತೊಳೆ ಬಿಡಿಸುತ್ತಿದ್ದಳು. ಕೇಳಿಯೇಬಿಟ್ಟೆ:
ಹೂವತ್ತೆ, ಮೇಲಿನ ಎರಡು ಕೊಂಬೆ.

ತಲೆ ಎತ್ತಲಿಲ್ಲ.
"ಕರೆಂಟಿಗೆ ಅಂತ ಒಂದು ಸಲ ಊರೇ ಬಿಟ್ಟಾಯ್ತು ಕಣೇ.
ಈಗ ಕೊಂಬೆಯಾ?"

ಆಗ ಅವಳಿಗೆ ಎಂಟು ವರ್ಷ.
ಅಪ್ಪ ಲಾರಿಗೆ ಹೆಂಚು ತುಂಬಿದ, ಬಾಗಿಲು ತುಂಬಿದ.
ಅವ್ವ ತುಂಬಿದ್ದು ಒಂದು ಗಡಿಗೆ,
ಮಳೆಗಾಲಕ್ಕೆಂದು ಕೆಮ್ಮಣ್ಣು ಬಳಿದಿಟ್ಟ ಹಲಸಿನ ಬೀಜ.
ಹೊಸ ಜಾಗದ ಮೊದಲ ಮಳೆಗೆ
ಬೇಯಿಸಿ ತಿಂದರು, ಸುಟ್ಟು ತಿಂದರು,
ತಳದಲ್ಲಿ ಒಂದು ಮೊಳೆತಿತ್ತು.
ನೀರು ಮೇಲೆ ಬಂತು, ಊರು ಕೆಳಗೆ ಹೋಯಿತು.
ಆ ನೀರಿನ ಕರೆಂಟು ಇವರ ಮನೆ ಹುಡುಕಿಕೊಂಡು ಬಂದದ್ದು
ಅವಳ ಎರಡನೇ ಬಾಣಂತನಕ್ಕೆ.

ಡೈರಿಯ ಆ ಹಾಳೆ ಹರಿಯಲಿಲ್ಲ.
ಆದರೆ ಮಡಿಸಿಟ್ಟೆ.

ನಾಲ್ಕನೇ ದಿನ ಬೇಲಿಯ ಹತ್ತಿರ ಅವಳೇ:
"ನಮ್ಮ ಕೊಟ್ಟಿಗೆ ಮೇಲೆ ಹಾಕ್ಕೊ.
ತಗಡು ಹೊದಿಸಿದ ಮೇಲೆ ದನಕ್ಕೆ ಸೆಖೆ.
ನಿನ್ನ ಹಲಗೆಯ ನೆರಳಾದ್ರೂ ಸಿಗಲಿ."
ಬಾಡಿಗೆ?
"ವರ್ಷಕ್ಕೊಂದು ಸಲ. ಮೇ ತಿಂಗಳಲ್ಲಿ,
ನೀರು ಇಳಿದಾಗ."

ಈಗ ನನ್ನ ಬಿಸಿಲು ಅವಳ ಕೊಟ್ಟಿಗೆಯ ಮೇಲೆ.
ತಂತಿ ಬೇಲಿ ದಾಟಿ ಬರುತ್ತದೆ,
ಅದರ ಮೇಲೆ ಅವಳ ಸೊಸೆ
ಎಷ್ಟು ಹೇಳಿದರೂ ಟವೆಲ್ ಹರವುತ್ತಾಳೆ.

ಹೊಸನಗರ ದಾಟಿ, ಹೋಗುವುದಕ್ಕೇ ನಲವತ್ನಾಲ್ಕು.
ಪರದೆ ಎಂಬತ್ತೈದು ತೋರಿಸಿತು,
ಘಾಟಿಯ ಏರು ಪರದೆಗೆ ಗೊತ್ತಿಲ್ಲ.
ಹಿಂದೆ ಕೂತವಳು ದಾರಿಯುದ್ದಕ್ಕೂ
"ಇದು ಆಫ್ ಆಗಿದೆಯೇನೇ? ಸದ್ದೇ ಇಲ್ವಲ್ಲ"
ಅನ್ನುತ್ತಲೇ ಇದ್ದಳು.

ಬಿರಿದ ಕೆಸರು. ಕರಿಯ ಬೊಡ್ಡೆಗಳು.
ಆ ಕಡೆ ಹೋದಳು, ಈ ಕಡೆ ಬಂದಳು,
ಚಪ್ಪಲಿ ಕೈಲಿ ಹಿಡಿದು ಎರಡು ಸಲ ಹೆಜ್ಜೆ ಎಣಿಸಿದಳು.
ಎರಡು ಸಲವೂ ಲೆಕ್ಕ ಬೇರೆ ಬಂತು.
"ಇಲ್ಲೇ ಎಲ್ಲೋ" ಅಂದಳು,
ಬಸ್ಸು ತಪ್ಪಿದವರು ಅನ್ನುವ ಹಾಗೆ.
ಎಲೆಅಡಿಕೆ ಹಾಕಿಕೊಂಡಳು.
ಹೊರಟೆವು.

ಬರುವಾಗ ಬ್ಯಾಟರಿ ನಾಲ್ಕಕ್ಕೆ ಬಂತು.
ತಿರುವಿನಲ್ಲಿ ಒಂದು ಚಾದಂಗಡಿ.
ಹೇಗೆ ಕೇಳುವುದೆಂದು ನಾನಿನ್ನೂ
ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದೆ.
ಅವಳಾಗಲೇ ಬೆಂಚಿನ ಮೇಲೆ ಕೂತು, ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ,
ಬಿಸಿಲಲ್ಲಿ ಬಂದವರು ನೀರು ಕೇಳುವ ಸಲುಗೆಯಲ್ಲಿ,

"ಒಂದು ಚೊಂಬು ಕರೆಂಟು ಕೊಡು ಮಗ."